ಕೇಳುಗರ ಮಧ್ಯೆ ಮೈಕ್ ಸ್ಟ್ಯಾಂಡ್: ರೆಕಾರ್ಡಿಂಗ್‌ನಲ್ಲಿ ಈ ದುಬ್ ದುಬ್ ಎಲ್ಲಿಂದ?

ಪ್ರಶ್ನೆ: ಸರ್, ನಮ್ಮ ಬಡಾವಣೆಯ ರಾಮನವಮಿ ಪೆಂಡಾಲ್‌ನಲ್ಲಿ ಕೇಳುಗರ ಜೊತೆ ಕೂತು ಕಚೇರಿ ರೆಕಾರ್ಡ್ ಮಾಡುತ್ತೇನೆ. ಕಲಾವಿದರು, ಸಮಿತಿಯವರು ಇಬ್ಬರೂ ಒಪ್ಪಿದ್ದಾರೆ. ಎರಡು ಸಣ್ಣ ಕಂಡೆನ್ಸರ್ ಮೈಕ್ ಇವೆ. ಹೋದ ವರ್ಷ ಸ್ಟ್ಯಾಂಡ್ ಬೀಳದಿರಲಿ ಅಂತ ಮುಂದಿನ ಕುರ್ಚಿಯ ಬೆನ್ನಿಗೆ ಕಟ್ಟಿದ್ದೆ. ಮನೆಗೆ ಬಂದು ಕೇಳಿದರೆ ದುಬ್ ದುಬ್ ಸದ್ದು. ಆಲಾಪನೆಯಲ್ಲಿ ಇಲ್ಲ, ಕೃತಿ ಶುರುವಾದ ಮೇಲೆ ಮಾತ್ರ. ಮೈಕ್ ಬದಲಿಸಬೇಕಾ?

ಉತ್ತರ: ಮೈಕ್ ಚೆನ್ನಾಗಿದೆ, ಕಾಸು ಉಳಿಸಿ. ಆಲಾಪನೆಯಲ್ಲಿ ಇಲ್ಲದ್ದು ಕೃತಿಯಲ್ಲಿ ಬಂತು ಅಂದರೆ ಅದು ತಾಳ! ಆ ಕುರ್ಚಿಯಲ್ಲಿ ಕೂತವರು ತೊಡೆ ತಟ್ಟಿದ್ದಾರೆ, ಅದು ಕುರ್ಚಿಯಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಮೈಕಿಗೆ ಹತ್ತಿದೆ. ಅನುಮಾನವಿದ್ದರೆ ಆದಿ ತಾಳದ ಒಂದು ಕೃತಿ ಹಾಕಿ ಒಂದರಿಂದ ಎಂಟರವರೆಗೆ ಎಣಿಸಿ. ಪೆಟ್ಟು ಬೀಳುವುದು 1, 5, 7ಕ್ಕೆ. ಉಳಿದದ್ದು ಬೆರಳು ಮಡಿಸಿ ಎಣಿಸುವುದು, ಇಲ್ಲವೇ ಅಂಗೈ ತಿರುಗಿಸುವ ಹುಸಿ, ಸದ್ದಿಲ್ಲ.

ಸ್ಟ್ಯಾಂಡ್ ಯಾವುದಕ್ಕೂ ತಾಗಬಾರದು. ಪೆಂಡಾಲ್ ಕಂಬಕ್ಕೂ ಕಟ್ಟಬೇಡಿ, ಅದರಲ್ಲೇ ಫ್ಯಾನ್ ತಿರುಗುತ್ತಿರುತ್ತದೆ. ಸ್ಟ್ಯಾಂಡಿನ ಮೇಲಿನ ಅಡ್ಡ ತೋಳು, ಅಂದರೆ ಬೂಮ್, ತೆಗೆದುಬಿಡಿ, ಭಾರ ಒಂದೇ ಕಡೆ ವಾಲುತ್ತದೆ. ಫೋಟೋದವರು ಬಳಸುವ ಲೈಟ್ ಸ್ಟ್ಯಾಂಡ್ ಸಾಕು. ಮೈಕ್ ಕ್ಲಿಪ್ಪಿಗೆ ಹೊಂದುವ ಅಡಾಪ್ಟರ್ ಮೊದಲೇ ತಂದಿಟ್ಟುಕೊಳ್ಳಿ. ಕಾಲುಗಳನ್ನು ಪೂರ್ತಿ ಅಗಲಿಸಿ, ಅಡಿಗೆ ಹಳೇ ರಬ್ಬರ್ ಮ್ಯಾಟ್ ತುಂಡು ಹಾಕಿ, ಕಾಲಿನ ಮೇಲೆ ಮರಳು ಚೀಲ ಇಡಿ. ಎತ್ತರ 7ರಿಂದ 8 ಅಡಿ. ಕೂತವರ ತಲೆ, ಕೆಮ್ಮು, ಪಿಸುಮಾತು ಎಲ್ಲ ಕೆಳಗೇ ಉಳಿಯುತ್ತವೆ. ಮೇಲಿನ ತೆಳ್ಳನೆ ಕೊಳವೆಯನ್ನು ಕೊನೆವರೆಗೂ ಎಳೆಯಬೇಡಿ, ತೂಗಾಡುತ್ತದೆ. ವೈರನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ. ಮೈಕಿನ ಹತ್ತಿರ ಸ್ವಲ್ಪ ಸಡಿಲ ಬಿಟ್ಟು ಸ್ಟ್ಯಾಂಡಿನ ಕೊಳವೆಗೆ ಸುತ್ತಿ.

ಮೈಕ್‌ಗಳು ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥವು, ಆಗಿದ್ದರೆ ಎರಡರ ತುದಿಗಳ ನಡುವೆ 17 ಸೆಂ.ಮೀ. ಬಿಟ್ಟು, 110 ಡಿಗ್ರಿ ತೆರೆದಿಡಿ. ಫ್ರೆಂಚ್ ರೇಡಿಯೋದವರ ಈ ಲೆಕ್ಕ, ಓಆರ್‌ಟಿಎಫ್ ಅಂತಾರೆ, ನನಗಂತೂ ಕಚೇರಿಗೆ ಇದೇ ಇಷ್ಟ. ಎಡ, ಬಲ ಸ್ಪೀಕರ್‌ಗಳಿಗೆ ಸಮ ದೂರದಲ್ಲಿ ನಿಲ್ಲಿಸಿ. ಪಕ್ಕಕ್ಕೆ ಸರಿದರೆ ಒಂದು ಸ್ಪೀಕರ್‌ನ ಸದ್ದು ತಡವಾಗಿ ಬರುತ್ತದೆ, ಒಂದು ಮೀಟರ್ ಹೆಚ್ಚಿಗೆ ಸುಮಾರು 3 ಮಿಲಿಸೆಕೆಂಡ್. ಧ್ವನಿ ಮಸುಕಾಗುತ್ತದೆ.

ಪ್ರಶ್ನೆ: ನಡುವೆ ನಿಲ್ಲಿಸಿದರೆ ಹಿಂದಿನವರು ಕಾಣಿಸಲ್ಲ ಅಂತ ಬೈತಾರೆ ಸರ್. ಪಾನಕ ಹಂಚುವ ಹುಡುಗರು ಬೇರೆ ಓಡಾಡ್ತಾರೆ.

ಉತ್ತರ: ಬೈಯುವುದು ನ್ಯಾಯವೇ ಅಲ್ವಾ! ಸೌಂಡ್ ಮಿಕ್ಸರ್ ಮೇಜು ಎಲ್ಲಿದೆ ನೋಡಿ. ನಡುವೆ ಇದ್ದರೆ ಅವರನ್ನು ಕೇಳಿ, ಮೇಜಿನ ಮುಂದೆ ಹತ್ತಿರದಲ್ಲೇ ನಿಲ್ಲಿಸಿ, ಆದರೆ ತಾಗಿಸಬೇಡಿ. ಅಲ್ಲಿ ಯಾರೂ ನುಗ್ಗಲ್ಲ. ಕಾಲಿಗೆ ಬಿಳಿ ಟೇಪ್ ಸುತ್ತಿ, ಕತ್ತಲಲ್ಲೂ ಕಾಣಲಿ. ಸ್ಟ್ಯಾಂಡ್ ಫ್ಯಾನ್‌ನ ಗಾಳಿ ಮೈಕಿಗೆ ಬೀಳದಂತೆ ನೋಡಿಕೊಳ್ಳಿ. ಫೋಮ್ ಟೋಪಿ ಇದ್ದರೂ ಗಾಳಿ ಗೊರಗೊರ ಅನ್ನುತ್ತದೆ.

ಪ್ರಶ್ನೆ ಕೇಳಿದವರು: ಈಗ ಹಳೇ ರೆಕಾರ್ಡಿಂಗ್ ಹಾಕಿ ಎಣಿಸಿದೆ ಸರ್. ಒಂದು, ಐದು, ಏಳು, ಸರಿಯಾಗಿ ಬೀಳ್ತಿದೆ. ಆ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ಮಾವನವರು. ಇನ್ನೂ ಹೇಳಿಲ್ಲ.