ಬೆಕ್ಕಿನ ಮೈಮೇಲಿನ ಗಾಯ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕಾರಟಗಿ, ಕೊಪ್ಪಳ ಜಿಲ್ಲೆ):
ನಮಸ್ಕಾರ ಡಾಕ್ಟರೇ. ನಮ್ಮದು ಅಕ್ಕಿ ಗಿರಣಿ. ಇಲಿ ಕಾಟ ತಾಳಲಾರದೆ ತಂದ ಗಂಡು ಬೆಕ್ಕು ಈಗ ಮನೆಯ ಮಗನೇ ಆಗಿಬಿಟ್ಟಿದ್ದಾನೆ. ಹೆಸರು ಗುಂಡ, ಮೂರು ವರ್ಷ. ಕಳೆದ ವಾರ ರಾತ್ರಿ ಹೊರಗಿನ ಬೆಕ್ಕಿನೊಂದಿಗೆ ಭಾರಿ ಜಗಳವಾಯಿತು. ಬೆಳಿಗ್ಗೆ ನೋಡಿದರೆ ಬಾಲದ ಬುಡದಲ್ಲಿ ಎರಡು ಚುಕ್ಕೆಯಷ್ಟು ಗಾಯ, ರಕ್ತವೂ ಇರಲಿಲ್ಲ. ಒಣಗಿತು ಎಂದು ಸುಮ್ಮನಾದೆವು. ಈಗ ಅದೇ ಜಾಗ ನಿಂಬೆಹಣ್ಣಿನ ಗಾತ್ರಕ್ಕೆ ಊದಿದೆ. ಮುಟ್ಟಿದರೆ ಬಿಸಿ, ಒತ್ತಿದರೆ ಮೆತ್ತಗೆ. ನಿನ್ನೆಯಿಂದ ಮೀನು ಇಟ್ಟರೂ ಮೂಸುತ್ತಿಲ್ಲ, ಚೀಲಗಳ ಸಂದಿಯಲ್ಲಿ ಮುದುಡಿ ಕುಳಿತಿದ್ದಾನೆ. ಚಿಕ್ಕಮ್ಮ ಅರಿಸಿನ ಹಚ್ಚಿದ್ದಾರೆ. ಪರಿಚಯದವರೊಬ್ಬರು ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಲಿಗೆ ಹಾಕಿ ಎಂದರು. ಹಾಕಬಹುದೇ? ಪಶು ಆಸ್ಪತ್ರೆಗೆ ಎತ್ತು, ಎಮ್ಮೆ ಒಯ್ಯುತ್ತಾರೆ. ನಾನು ಬೆಕ್ಕು ಹೊತ್ತುಕೊಂಡು ಹೋದರೆ ನಗುವುದಿಲ್ಲವೇ?

ಉತ್ತರ (ಪಶುವೈದ್ಯರು):
ಮೊದಲು ಮಾತ್ರೆಯ ವಿಷಯ. ಹಾಕಬೇಡಿ, ಚೂರು ಸಹ ಬೇಡ. ನಮ್ಮ ಲಿವರ್ ಪ್ಯಾರಾಸಿಟಮಾಲನ್ನು ಒಂದು ಕಿಣ್ವದ ಸಹಾಯದಿಂದ ನಿರಪಾಯ ಮಾಡಿ ಹೊರಹಾಕುತ್ತದೆ. ಬೆಕ್ಕಿನಲ್ಲಿ ಆ ಕಿಣ್ವ ತೀರಾ ಕಡಿಮೆ. ಮಾತ್ರೆ ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಂ ಮಾತ್ರೆಯ ಅರ್ಧ ಭಾಗವೇ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ.

ಈಗ ಊತ. ನೀವು ಬರೆದ ಲಕ್ಷಣಗಳೆಲ್ಲ ಕೀವು ತುಂಬಿದ ಬಾವಿನವು. ಬೆಕ್ಕಿನ ಕೋರೆಹಲ್ಲು ಸಪೂರ, ಚೂಪು. ಚರ್ಮದಲ್ಲಿ ಸೂಜಿಯಷ್ಟು ತೂತು ಮಾಡಿ ಆಳಕ್ಕೆ ಇಳಿಯುತ್ತದೆ, ಇಳಿಯುವಾಗ ಬಾಯಿಯ ರೋಗಾಣುಗಳನ್ನೂ ಒಳಗೆ ಬಿಟ್ಟು ಬರುತ್ತದೆ. ಅವುಗಳಲ್ಲಿ ಪಾಶ್ಚುರೆಲ್ಲಾ ಎಂಬುದು ಮುಖ್ಯ. ಮೇಲಿನ ತೂತು ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ, ನಾವು ವಾಸಿಯಾಯಿತು ಎನ್ನುತ್ತೇವೆ. ಒಳಗೆ ಮಾತ್ರ ಕೀವು ಕಟ್ಟುತ್ತಾ ಹೋಗಿ ಎರಡರಿಂದ ಐದು ದಿನಗಳಲ್ಲಿ ಊತ ಕಾಣಿಸಿಕೊಳ್ಳುತ್ತದೆ. ಬಾಲದ ಬುಡಕ್ಕೆ ಕಚ್ಚಿಸಿಕೊಂಡಿದ್ದಾನೆ ಎಂದರೆ ಗುಂಡ ಓಡುತ್ತಿದ್ದ ಎಂದರ್ಥ. ಎದುರಿಸಿ ನಿಂತ ಬೆಕ್ಕಿಗೆ ಗಾಯವಾಗುವುದು ಮುಖಕ್ಕೆ, ಮುಂಗಾಲಿಗೆ. ಇದನ್ನು ಅವನಿಗೆ ಹೇಳಬೇಡಿ.

ಇವತ್ತೇ ಕರೆದೊಯ್ಯಿರಿ. ಬೆಕ್ಕಿನ ಮೈಬಿಸಿ ಸಾಮಾನ್ಯವಾಗಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಇವನಿಗೆ ಅದಕ್ಕಿಂತ ಹೆಚ್ಚಿರುವ ಸಾಧ್ಯತೆಯೇ ಜಾಸ್ತಿ. ವೈದ್ಯರು ಮಂಪರು ಬರಿಸಿ, ಕೂದಲು ಬೋಳಿಸಿ, ಬಾವಿನ ತಗ್ಗಿನ ಭಾಗದಲ್ಲಿ ಕೊಯ್ದು ಕೀವು ಹರಿಸುತ್ತಾರೆ. ಸಲೈನಿನಿಂದ ತೊಳೆದು ಗಾಯವನ್ನು ಹೊಲಿಯದೆ ತೆರೆದೇ ಬಿಡುತ್ತಾರೆ. ಹೊಲಿಗೆ ಹಾಕಲಿಲ್ಲವೇ ಎಂದು ಅಲ್ಲಿ ಜಗಳ ತೆಗೆಯಬೇಡಿ. ಅದು ಒಳಗಿನಿಂದ ತುಂಬಿಕೊಂಡು ಬರಬೇಕು, ಮೇಲೆ ಮುಚ್ಚಿದರೆ ಮತ್ತೆ ಕೀವು. ನೀವೇ ಮನೆಯಲ್ಲಿ ಹಿಂಡಲು ಹೋದರೆ ಕೀವು ಹೊರಗೆ ಬರುವುದರ ಬದಲು ಪಕ್ಕದ ಮಾಂಸಕ್ಕೆ ಹರಡುತ್ತದೆ.

ನಗುವ ವಿಷಯ: ಸರ್ಕಾರಿ ಪಶು ಆಸ್ಪತ್ರೆ ಬೆಕ್ಕಿಗೂ ಸೇರಿದ್ದು. ಗೋಣಿಚೀಲದಲ್ಲಿ ಮಾತ್ರ ಒಯ್ಯಬೇಡಿ, ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ. ಸಂಚಾರಿ ಪಶು ಚಿಕಿತ್ಸಾ ವಾಹನ ಬೇಕಿದ್ದರೆ 1962ಕ್ಕೆ ಕರೆ ಮಾಡಿ ಕೇಳಿ.

ಪ್ರಶ್ನೆ (ಅದೇ ಸದಸ್ಯರು, ಮರುದಿನ):
ಡಾಕ್ಟರೇ, ನಿನ್ನೆ ಹೊರಡುವಷ್ಟರಲ್ಲಿ ಬಾವು ತಾನಾಗಿಯೇ ಒಡೆದು ಹಳದಿ ಕೀವು ಹರಿಯಿತು, ವಿಪರೀತ ವಾಸನೆ. ಆದರೂ ಆಸ್ಪತ್ರೆಗೆ ಹೋದೆವು. ಗಾಯ ತೊಳೆದು, ಚುಚ್ಚುಮದ್ದು ಕೊಟ್ಟು, ಏಳು ದಿನಕ್ಕೆ ಔಷಧ ಬರೆದಿದ್ದಾರೆ. ಸಂಜೆ ಅರ್ಧ ಮೀನು ತಿಂದ. ಮನೆಯಲ್ಲಿ ಗಾಯ ತೊಳೆಯುವುದು ಹೇಗೆ? ಡೆಟಾಲ್ ಇದೆ.

ಉತ್ತರ:
ಡೆಟಾಲ್ ನಿಮ್ಮ ಬಚ್ಚಲಲ್ಲೇ ಇರಲಿ. ನೀರಿಗೆ ಬಿದ್ದರೆ ಹಾಲಿನಂತೆ ಬೆಳ್ಳಗಾಗುವ ಯಾವ ದ್ರಾವಣವೂ ಬೆಕ್ಕಿನ ಹತ್ತಿರ ಬರಬಾರದು. ಡೆಟಾಲ್, ಫಿನಾಯಿಲ್ ಎರಡೂ ಫೀನಾಲ್ ಜಾತಿಯವು, ಪ್ಯಾರಾಸಿಟಮಾಲಿನಂತೆಯೇ ಬೆಕ್ಕಿಗೆ ಅರಗದವು. ನಾಯಿ ಗಾಯ ನೆಕ್ಕುತ್ತದೆ. ಬೆಕ್ಕಾದರೋ ಮೈಯನ್ನೆಲ್ಲ ನೆಕ್ಕುತ್ತದೆ. ಅದರ ಚರ್ಮಕ್ಕೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಎಂದೇ ಲೆಕ್ಕ ಹಾಕಿ.

ಮೆಡಿಕಲ್ ಅಂಗಡಿಯಲ್ಲಿ ನಾರ್ಮಲ್ ಸಲೈನ್ ಬಾಟಲಿ ಸಿಗುತ್ತದೆ, ಅದು ಸಾಕು. ಸಿಗದಿದ್ದರೆ ಅರ್ಧ ಲೀಟರ್ ನೀರು ಕುದಿಸಿ, ಸಮಮಟ್ಟದ ಒಂದು ಟೀ ಚಮಚ ಉಪ್ಪು ಹಾಕಿ, ಉಗುರುಬೆಚ್ಚಗಾಗುವವರೆಗೆ ಆರಿಸಿ. ಸೂಜಿ ತೆಗೆದ ಸಿರಿಂಜಿನಿಂದ ದಿನಕ್ಕೆರಡು ಸಲ ಮೆಲ್ಲನೆ ಹಾಯಿಸಿ. ಪೊವಿಡೋನ್ ಅಯೋಡಿನ್ ಇದ್ದರೆ ಹಾಗೇ ಸುರಿಯದೆ, ಒಂದು ಚಮಚಕ್ಕೆ ಹತ್ತು ಚಮಚ ನೀರು ಬೆರೆಸಿ, ಹಾಲು ಹಾಕದ ತೆಳು ಚಹಾದ ಬಣ್ಣಕ್ಕೆ ತನ್ನಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದನ್ನು ನೋಡಿ ಕೆಲಸ ಮಾಡುತ್ತಿದೆ ಎಂದು ಜನ ಸಂತೋಷಪಡುತ್ತಾರೆ. ಅದು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದೆ. ಅರಿಸಿನ ವಿಷವೇನಲ್ಲ. ಆದರೆ ಪುಡಿ ತೂತಿನ ಬಾಯಿಗೆ ಗಟ್ಟಿಯಾಗಿ ಕೂತರೆ ಕೀವಿಗೆ ದಾರಿಯಿಲ್ಲ. ಚಿಕ್ಕಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ, ಡಬ್ಬಿ ಅಡುಗೆಮನೆಗೆ ವಾಪಸು ಹೋಗಲಿ.

ನೆಕ್ಕದಂತೆ ಕೊರಳಿಗೆ ಕಾಲರ್ ಬೇಕು. ಹಳೆಯ ಎಕ್ಸ್‌ರೇ ಫಿಲ್ಮ್ ಮನೆಯಲ್ಲಿದ್ದರೆ ಲಾಳಿಕೆಯಂತೆ ಸುತ್ತಿ, ಒಳಅಂಚಿಗೆ ಹತ್ತಿ ಕೊಟ್ಟು ಬಟ್ಟೆಪಟ್ಟಿ ಹೊಲಿಯಿರಿ. ಹೊರಅಂಚು ಮೂಗಿನ ತುದಿಗಿಂತ ಒಂದೆರಡು ಇಂಚು ಮುಂದಿರಲಿ, ಕೊರಳಿಗೂ ಕಾಲರಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗವಿರಲಿ. ಮೊದಲ ದಿನ ಗೋಡೆಗೆಲ್ಲ ಡಿಕ್ಕಿ ಹೊಡೆದು ನಿಮ್ಮನ್ನು ಬೈಯುತ್ತಾನೆ, ಕರಗಿಬಿಡಬೇಡಿ. ಊತ ಇಳಿಯಿತೆಂದು ಮೂರನೆಯ ದಿನಕ್ಕೆ ಔಷಧ ನಿಲ್ಲಿಸಬೇಡಿ. ಪೂರ್ತಿ ಎರಡು ದಿನ ಏನೂ ತಿನ್ನದೆ ಹೋದರೆ ಕೂಡಲೇ ಹೇಳಿ. ಉಪವಾಸ ಬಿದ್ದ ಬೆಕ್ಕಿನ ಲಿವರಿನಲ್ಲಿ ಕೊಬ್ಬು ತುಂಬಿಕೊಂಡು ಗಾಯಕ್ಕಿಂತ ದೊಡ್ಡ ಕಾಯಿಲೆಯಾಗುತ್ತದೆ.

ಪ್ರಶ್ನೆ (ರಾಯಚೂರು):
ಸರ್, ಗಾಯದಲ್ಲಿ ಹುಳ ಬಿದ್ದರೆ ಕೊಬ್ಬರಿ ಎಣ್ಣೆಗೆ ಕರ್ಪೂರ ಕಲಸಿ ಹಾಕುತ್ತೇವೆ. ನಮ್ಮ ದನಗಳಿಗೆ ಚೆನ್ನಾಗಿ ಕೆಲಸ ಮಾಡಿದೆ. ಬೆಕ್ಕಿಗೂ ಆಗುತ್ತದೆಯೇ?

ಉತ್ತರ:
ಆಗುವುದಿಲ್ಲ. ನಾಲ್ಕು ನೂರು ಕಿಲೋ ಎತ್ತಿನ ಲೆಕ್ಕ ನಾಲ್ಕು ಕಿಲೋ ಬೆಕ್ಕಿಗೆ ನಡೆಯದು. ಕರ್ಪೂರ, ಟರ್ಪೆಂಟೈನ್, ಸೀಮೆಎಣ್ಣೆ ಮೂರೂ ಅದಕ್ಕೆ ವಿಷ. ನಾಯಿಯ ಉಣ್ಣೆಗೆಂದು ಮಾರುವ ಪರ್ಮೆತ್ರಿನ್ ಔಷಧ ತಾಗಿದರೆ ಬೆಕ್ಕು ನಡುಗಿ, ಸೆಳೆತ ಬಂದು ಸಾಯಬಹುದು. ಹುಳ ಕಂಡರೆ ಸುತ್ತಲಿನ ಕೂದಲು ಕತ್ತರಿಸಿ, ಸಲೈನ್ ಹಾಯಿಸಿ, ಕಂಡಷ್ಟನ್ನು ಚಿಮಟದಿಂದ ತೆಗೆದು ಆಸ್ಪತ್ರೆಗೆ ಒಯ್ಯಿರಿ. ಉಳಿದವನ್ನು ಅವರು ತೆಗೆಯುತ್ತಾರೆ.

ಪ್ರಶ್ನೆ (ಬಳ್ಳಾರಿ):
ನಮ್ಮದು ಅಚ್ಚ ಬಿಳಿ ಹೆಣ್ಣು ಬೆಕ್ಕು, ಒಂಬತ್ತು ವರ್ಷ. ಹಗಲೆಲ್ಲ ಮಾಳಿಗೆಯ ಮೇಲೆ ಮಲಗುತ್ತದೆ. ಎಡಗಿವಿಯ ತುದಿಯಲ್ಲಿ ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ರಕ್ತ ಜಿನುಗುತ್ತದೆ, ಮತ್ತೆ ಕಟ್ಟುತ್ತದೆ. ಬೇಸಿಗೆಯಿಂದ ಹೀಗೇ ಇದೆ. ಯಾವ ಮುಲಾಮಿಗೂ ಬಗ್ಗುತ್ತಿಲ್ಲ. ಜಗಳವಾಡುವ ಬೆಕ್ಕಲ್ಲ.

ಉತ್ತರ:
ಅಮ್ಮಾ, ಇದಕ್ಕೆ ಮುಲಾಮು ಹಚ್ಚುತ್ತಾ ಇನ್ನೊಂದು ತಿಂಗಳು ಕಳೆಯಬೇಡಿ. ಬಿಳಿ ಬೆಕ್ಕಿನ ಕಿವಿಯ ತುದಿ, ಮೂಗು, ರೆಪ್ಪೆಯ ಚರ್ಮದಲ್ಲಿ ಬಿಸಿಲನ್ನು ತಡೆಯುವ ಬಣ್ಣವಿಲ್ಲ, ಕೂದಲೂ ತೆಳು. ನಲವತ್ತು ಡಿಗ್ರಿ ದಾಟುವ ನಿಮ್ಮೂರಿನ ಬಿಸಿಲಿನಲ್ಲಿ ವರ್ಷಗಟ್ಟಲೆ ಮಲಗಿದರೆ ಮೊದಲು ಕೆಂಪಾಗುತ್ತದೆ, ಹೊಟ್ಟೇಳುತ್ತದೆ, ಕೊನೆಗೆ ಮಾಯದ ಹುಣ್ಣಾಗುತ್ತದೆ. ಅದು ಚರ್ಮದ ಕ್ಯಾನ್ಸರ್ ಇರಬಹುದು. ಕಜ್ಜಿಯ ಹುಳದಿಂದಲೂ ಕಿವಿಯ ಅಂಚಿನಲ್ಲಿ ಹಕ್ಕಳೆ ಕಟ್ಟುತ್ತದೆ. ಆದರೆ ಆಗ ಬೆಕ್ಕು ಕೆರೆದು ಕೆರೆದು ಸಾಕಾಗಿರುತ್ತದೆ. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರೆ ಗೊತ್ತಾಗುತ್ತದೆ. ಕ್ಯಾನ್ಸರ್ ಎಂದಾದರೂ ಎದೆಗುಂದಬೇಡಿ. ಈ ಜಾತಿಯದು ಮೊದಮೊದಲು ಇದ್ದಲ್ಲೇ ನಿಧಾನವಾಗಿ ಬೆಳೆಯುತ್ತದೆ, ಬೇಗ ಕಿವಿಯ ಆ ಭಾಗವನ್ನು ಕತ್ತರಿಸಿ ತೆಗೆದರೆ ಬಹಳಷ್ಟು ಬೆಕ್ಕುಗಳು ಚೆನ್ನಾಗಿ ಬದುಕುತ್ತವೆ. ಮೋಟುಗಿವಿಯ ಬೆಕ್ಕಿಗೆ ತನ್ನ ರೂಪದ ಚಿಂತೆ ಇರುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಾಳಿಗೆಯ ಬಾಗಿಲು ಹಾಕಿಡಿ. ನಾವು ಹಚ್ಚಿಕೊಳ್ಳುವ ಸನ್‌ಸ್ಕ್ರೀನ್ ಬೇಡ. ಅದರ ಸತು, ಸ್ಯಾಲಿಸಿಲೇಟ್ ನೆಕ್ಕಿದರೆ ಅಪಾಯ.

ಪ್ರಶ್ನೆ (ಕಾರಟಗಿಯ ಸದಸ್ಯರು):
ಗಾಯ ತೊಳೆಯುವಾಗ ಗುಂಡ ತಮ್ಮನ ಹೆಬ್ಬೆರಳಿಗೆ ಕಚ್ಚಿದ, ರಕ್ತ ಬಂತು. ಸಾಕಿದ ಬೆಕ್ಕೇ ತಾನೇ ಎಂದು ಸುಮ್ಮನಿದ್ದಾನೆ.

ಉತ್ತರ:
ಸುಮ್ಮನಿರಲು ಬಿಡಬೇಡಿ. ಮೊದಲು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಲಿ, ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗಲಿ. ಗುಂಡನಿಗೆ ರೇಬಿಸ್ ಲಸಿಕೆ ಆಗಿದೆಯೇ? ನೀವು ಬರೆದಿಲ್ಲ. ಅವನನ್ನು ಕಚ್ಚಿದ ಬೆಕ್ಕು ಯಾವುದೆಂದೂ ಗೊತ್ತಿಲ್ಲ. ರಕ್ತ ಬಂದಿರುವುದರಿಂದ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬಿಸ್ ವಿರುದ್ಧ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಬೇಕಾಗುತ್ತದೆ. ಲಸಿಕೆಯನ್ನು ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ. ಗುಂಡನನ್ನು ಹತ್ತು ದಿನ ಒಳಗೇ ಇಟ್ಟು ಗಮನಿಸಿ. ಬೆರಳು ಊದಿದರೆ ಅದು ಬೇರೆ ವಿಷಯ, ಪಾಶ್ಚುರೆಲ್ಲಾ ಮನುಷ್ಯರನ್ನೂ ಬಿಡುವುದಿಲ್ಲ. ಗುಂಡನಿಗೂ ಲಸಿಕೆ ಹಾಕಿಸುವ ಬಗ್ಗೆ ಅದೇ ಪಶುವೈದ್ಯರನ್ನು ಕೇಳಿ.

ಪ್ರಶ್ನೆ (ಅದೇ ಸದಸ್ಯರು):
ಲಸಿಕೆ ಹಾಕಿಸಿಲ್ಲ, ತಮ್ಮನನ್ನು ಈಗಲೇ ಕಳಿಸುತ್ತೇನೆ. ಗುಂಡನಿಗೆ ಸಂತಾನಹರಣ ಮಾಡಿಸಿದರೆ ಜಗಳ ನಿಲ್ಲುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆಮೇಲೆ ಇಲಿ ಹಿಡಿಯುತ್ತಾನೆಯೇ? ಅಪ್ಪನ ಚಿಂತೆ ಅದೊಂದೇ.

ಉತ್ತರ:
ಹಿಡಿಯುತ್ತಾನೆ. ಬೇಟೆಗೂ ಅದಕ್ಕೂ ಸಂಬಂಧವಿಲ್ಲ. ರಾತ್ರಿ ಊರು ಸುತ್ತುವುದು, ಹೆಣ್ಣಿಗಾಗಿ ಕಾದಾಡುವುದು ಕಡಿಮೆಯಾಗುತ್ತದೆ, ಗಿರಣಿಯಲ್ಲೇ ಹೆಚ್ಚು ಹೊತ್ತು ಇರುತ್ತಾನೆ. ಕಚ್ಚುವುದರಿಂದ ಹರಡುವ ಎಫ್‌ಐವಿ ಎಂಬ ವೈರಸ್ ಸೋಂಕಿನ ಭಯವೂ ಇಳಿಯುತ್ತದೆ. ಗಾಯ ಪೂರ್ತಿ ಮಾಯಲಿ, ಹತ್ತು ದಿನದ ಗಮನಿಕೆ ಮುಗಿಯಲಿ, ಆಮೇಲೆ ಮಾಡಿಸಿ. ಶಸ್ತ್ರಚಿಕಿತ್ಸೆಯ ನಂತರ ಊಟ ಸ್ವಲ್ಪ ಕಡಿಮೆ ಕೊಡಿ ಎಂದು ಅಪ್ಪನವರಿಗೆ ಹೇಳಿ. ಹೊಟ್ಟೆ ತುಂಬಿ ದಪ್ಪಗಾದರೆ ಓಡಿ ಇಲಿ ಹಿಡಿಯುವುದು ಕಷ್ಟ.