ಸರ್ಪಸುತ್ತು ಅರ್ಧ ಮೈಗೇ ಯಾಕೆ ನಿಂತುಬಿಡುತ್ತದೆ?

ತೋಟದಮನೆ ಮೇಷ್ಟ್ರು ಕೇಳಿದ್ದು:

ನಾನು ತಿಪಟೂರು ಕಡೆಯವನು. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದೆ. ರಿಟೈರ್ ಆಗಿ ಒಂದು ವರ್ಷ ಆಯಿತು, ಈಗ ತೆಂಗಿನ ತೋಟ ನೋಡಿಕೊಂಡಿದ್ದೇನೆ. ಹೋದ ತಿಂಗಳು ಬಲಗಡೆ, ಬೆನ್ನಿನಿಂದ ಹೊಕ್ಕಳ ತನಕ, ಒಂದು ಥರ ಉರಿ ಶುರುವಾಯಿತು. ಕಾಯಿ ಮೂಟೆ ಎತ್ತಿದ್ದಕ್ಕೆ ಉಳುಕಿರಬೇಕು ಅಂದುಕೊಂಡು ಮುಲಾಮು ಹಚ್ಚಿದೆ. ಅಂಗಿ ತಾಕಿದರೂ ಚುರ್ ಎನ್ನುತ್ತಿತ್ತು. ಒಂದು ನರ್ಸಿಂಗ್ ಹೋಮಿಗೆ ಹೋದರೆ ಕಿಡ್ನಿಯಲ್ಲಿ ಕಲ್ಲಿರಬಹುದು ಎಂದು ಸ್ಕ್ಯಾನ್ ಮಾಡಿಸಿದರು. ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಮೂರನೇ ದಿನ ಸ್ನಾನಕ್ಕೆಂದು ಅಂಗಿ ತೆಗೆದಾಗ ಹೆಂಡತಿ ನೋಡಿ, "ಇದು ಸರ್ಪಸುತ್ತು ಕಣ್ರೀ" ಅಂದಳು. ಡಾಕ್ಟರಿಗಿಂತ ಮೊದಲು ಕಂಡುಹಿಡಿದವಳು ಅವಳೇ.

ಚರ್ಮದ ಡಾಕ್ಟರು ವೈರಸ್ಸಿಗೆ ಏಸೈಕ್ಲೋವಿರ್ ಮಾತ್ರೆ ಬರೆದುಕೊಟ್ಟರು. 800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ. ಗುಳ್ಳೆಗಳು ಒಣಗಿ ಹಕ್ಕಳೆಯೂ ಉದುರಿದೆ. ಉರಿ ಮಾತ್ರ ಹೋಗಿಲ್ಲ. ಅವರು ಹೇಳಿದ್ದು ಒಂದೇ ಮಾತು: "ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಲ್ಲ, ಚಿಕನ್ ಪಾಕ್ಸ್, ಅದೇ ವೈರಸ್ಸು ಈಗ ಎದ್ದಿದೆ." ಹೊರಗೆ ಜನ ಕಾಯುತ್ತಿದ್ದರು, ಜಾಸ್ತಿ ಕೇಳಲು ಆಗಲಿಲ್ಲ.

ನನಗೆ ಅಮ್ಮ ಆಗಿದ್ದು ನಾಲ್ಕನೇ ಕ್ಲಾಸಿನಲ್ಲಿ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು, ಮನೆಯಲ್ಲಿ ಒಗ್ಗರಣೆ ಹಾಕದೆ ಅಡುಗೆ ಮಾಡಿದ್ದು ಇನ್ನೂ ನೆನಪಿದೆ. 52 ವರ್ಷದ ಹಿಂದಿನ ಮಾತು. ಅಷ್ಟು ವರ್ಷ ಅದು ಎಲ್ಲಿ ಕೂತಿತ್ತು? ನಮ್ಮ ಮೈಯ ರೋಗನಿರೋಧಕ ಶಕ್ತಿ ಏನು ಮಾಡುತ್ತಿತ್ತು? ಇನ್ನೊಂದು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಹೊಕ್ಕಳ ಹತ್ತಿರ ನಿಂತುಬಿಟ್ಟಿದೆಯಲ್ಲ, ಎಡಗಡೆ ಒಂದು ಗುಳ್ಳೆಯೂ ಇಲ್ಲ, ಯಾಕೆ? ಪಕ್ಕದ ಮನೆ ಅಜ್ಜಿ ದಿನಾ ಬಂದು ನೋಡಿ ಹೋಗುತ್ತಿದ್ದರು. ಹಾವಿನ ತಲೆ ಬಾಲ ಕೂಡಿದರೆ ಆಸಾಮಿ ಉಳಿಯುವುದಿಲ್ಲವಂತೆ. ನಾನು ನಂಬುವವನಲ್ಲ. ಆದರೂ ರಾತ್ರಿ ಕನ್ನಡಿ ಮುಂದೆ ನಿಂತು ಅಳತೆ ನೋಡಿದ್ದು ನಿಜ.

---

ಮಳೆಗಾಲದ ಕೊಡೆ:

ಮೇಷ್ಟ್ರೇ, ನಿಮ್ಮ ಹೆಂಡತಿಗೆ ಒಂದು ನಮಸ್ಕಾರ ಹೇಳಿ. ನನಗೂ ಆಗಿತ್ತು, ಎಡ ಎದೆಯ ಮೇಲೆ. ಮೊದಲು ಹಾರ್ಟ್ ಎಂದು ಹೆದರಿ ಇಸಿಜಿ ಮಾಡಿಸಿದೆ. ಗುಳ್ಳೆ ಎದ್ದ ಮೇಲೆ ನಮ್ಮೂರಿನಲ್ಲಿ ಕೆಮ್ಮಣ್ಣಿನಲ್ಲಿ ಹಾವು ಬರೆದು ಮಂತ್ರ ಹಾಕುವವರ ಹತ್ತಿರ ಹೋದೆ. ಐದು ದಿನ ತಂಪಾಗಿತ್ತು, ಸುಳ್ಳು ಹೇಳಲಾರೆ. ಆರನೇ ದಿನ ಡಾಕ್ಟರ ಹತ್ತಿರ ಹೋದರೆ, "ಮೂರು ದಿನದೊಳಗೆ ಬಂದಿದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿತ್ತು" ಅಂದರು. ಎರಡು ವರ್ಷ ಆಯಿತು, ಬನಿಯನ್ ಹಾಕಿದರೆ ಈಗಲೂ ಉರಿ. ತಪ್ಪು ನನ್ನದೇ.

---

ಲ್ಯಾಬ್ ಅಕ್ಕ:

ನಾನು ಡಾಕ್ಟರಲ್ಲ. ಒಂದು ಮೆಡಿಕಲ್ ಕಾಲೇಜಿನ ಫಿಜಿಯಾಲಜಿ ಲ್ಯಾಬಿನಲ್ಲಿ 31 ವರ್ಷ ಟೆಕ್ನಿಷಿಯನ್ ಆಗಿದ್ದೆ. ಒಂದೇ ಪಾಠವನ್ನು 31 ಬ್ಯಾಚಿನ ಜೊತೆ ಕೇಳಿದರೆ ಗೋಡೆಗೂ ಬಾಯಿಪಾಠ ಆಗುತ್ತದೆ. ತಮಾಷೆ ಏನೆಂದರೆ ಬೆನ್ನುಹುರಿಯಿಂದ ಹೊರಡುವ ನರಗಳೂ 31 ಜೊತೆಯೇ. ಹಾಗಾಗಿ ನನ್ನ ಸರ್ವಿಸ್ ಲೆಕ್ಕ ಮರೆಯುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆ, ಅರ್ಧ ಮೈಗೇ ಯಾಕೆ ನಿಂತಿತು ಎಂಬುದು, ಮೊದಲು. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಪ್ರತಿ ನರದ ಬುಡದಲ್ಲಿ, ಹೆಚ್ಚುಕಡಿಮೆ ಹೆಸರುಕಾಳಿನಷ್ಟು ಒಂದು ಗಂಟು ಇರುತ್ತದೆ. ಮುಟ್ಟಿದ್ದು, ಚುಚ್ಚಿದ್ದು, ಸುಟ್ಟಿದ್ದು ಎಲ್ಲವನ್ನೂ ತಿಳಿಸುವ ನರಕೋಶಗಳ ಮನೆ ಅದು. ಒಂದೊಂದು ಕೋಶದಿಂದ ಒಂದು ತಂತಿ ಹೊರಟು ಎರಡಾಗಿ ಒಡೆಯುತ್ತದೆ. ಒಂದು ತುದಿ ಚರ್ಮಕ್ಕೆ, ಇನ್ನೊಂದು ತುದಿ ಬೆನ್ನುಹುರಿಗೆ. ಒಂದೊಂದು ಗಂಟಿಗೂ ಚರ್ಮದ ಮೇಲೆ ಒಂದು ಪಟ್ಟಿ ಹಂಚಿಕೊಟ್ಟಿದೆ, ನಮ್ಮ ಹೋಬಳಿಗಳ ಹಾಗೆ. ಎದೆಯ 4ನೇ ನರ ಮೊಲೆತೊಟ್ಟಿನ ಮಟ್ಟಕ್ಕೆ, 10ನೇ ನರ ಹೊಕ್ಕಳ ಮಟ್ಟಕ್ಕೆ. ನಿಮ್ಮದು ಬಲಗಡೆಯ 10ನೇ ಗಂಟು ಎಂದು ನನ್ನ ಊಹೆ. ಬಲದ ಗಂಟಿನ ಅಧಿಕಾರ ಹೊಟ್ಟೆಯ ನಡುಗೆರೆಗೆ ಮುಗಿಯುತ್ತದೆ. ಅಲ್ಲಿಂದಾಚೆ ಎಡದವನ ಹೋಬಳಿ. ನೀವು ಕನ್ನಡಿಯಲ್ಲಿ ಅಳೆದದ್ದು ಹಾವನ್ನಲ್ಲ, ಒಂದು ನರದ ಗಡಿಯನ್ನು.

ಈ ಗಡಿಗಳ ನಕ್ಷೆ ಬರೆದದ್ದೇ ನಿಮ್ಮ ಕಾಯಿಲೆ ಎಂದರೆ ನಂಬುತ್ತೀರಾ? ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ಇಬ್ಬರು, ಸರ್ಪಸುತ್ತು ಆಗಿದ್ದ 21 ಜನ ತೀರಿಕೊಂಡ ಮೇಲೆ ಅವರ ಗಂಟುಗಳನ್ನು ತೆಗೆದು ನೋಡಿದರು. ಬದುಕಿದ್ದಾಗ ಮೈಮೇಲೆ ಯಾವ ಪಟ್ಟಿ ಎದ್ದಿತ್ತೋ ಅದೇ ನರದ ಗಂಟಿನಲ್ಲಿ ರಕ್ತ ಒಸರಿತ್ತು, ಕೋಶಗಳು ಸತ್ತಿದ್ದವು. 1900ರಲ್ಲಿ ಅದನ್ನು ಪ್ರಕಟಿಸಿದರು. ಆ ಹೆಡ್ ಎಂಥ ಮನುಷ್ಯ ಅಂದರೆ, 1903ರಲ್ಲಿ ತನ್ನ ಎಡಗೈಯ ನರವನ್ನೇ ಕತ್ತರಿಸಿ ಹೊಲಿಸಿಕೊಂಡ. ಸ್ಪರ್ಶ ಹೇಗೆ ವಾಪಸ್ ಬರುತ್ತದೆ ಎಂದು ಸ್ನೇಹಿತ ರಿವರ್ಸ್ ಜೊತೆ ನಾಲ್ಕು ವರ್ಷ ಪರೀಕ್ಷೆ ಮಾಡುತ್ತಾ ಕೂತ. ನಮ್ಮ ಹುಡುಗರು ಹಿಮೋಗ್ಲೋಬಿನ್ ನೋಡಲು ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುವುದಕ್ಕೂ ನನ್ನ ಕೈ ಹಿಡಿಯುತ್ತಿದ್ದರು!

ಈಗ 52 ವರ್ಷದ ಕಥೆ. ನಾಲ್ಕನೇ ಕ್ಲಾಸಿನಲ್ಲಿ ಮೈತುಂಬಾ ಗುಳ್ಳೆ ಇದ್ದಾಗ ವೈರಸ್ಸು ಚರ್ಮದಲ್ಲಿದ್ದ ನರದ ತುದಿಗಳಿಗೆ ಹೊಕ್ಕು, ತಂತಿಯೊಳಗಿನ ಹಳಿಯ ಮೇಲೆ ಹಿಂದಕ್ಕೆ ಸಾಗಿ ಗಂಟುಗಳನ್ನು ಸೇರಿತು. ಹೊರಗಡೆ ನಿಮ್ಮ ರೋಗನಿರೋಧಕ ವ್ಯವಸ್ಥೆ ಒಳ್ಳೆಯ ಕೆಲಸವನ್ನೇ ಮಾಡಿತು. ಬಿ ಕೋಶಗಳೆಂಬ ಬಿಳಿ ರಕ್ತಕಣಗಳು ವೈರಸ್ಸಿಗೆ ಅಂಟಿಕೊಂಡು ತಡೆಯುವ ಆಂಟಿಬಾಡಿ ಹೊರಬಿಟ್ಟವು. ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿಕಣಗಳು ವೈರಸ್ಸು ಹೊಕ್ಕ ಚರ್ಮದ ಕೋಶಗಳನ್ನು ಹುಡುಕಿ ಕೊಂದವು. ಚರ್ಮದ ಕೋಶ ಸತ್ತರೆ ಏನು ನಷ್ಟ? ಕೆಲವೇ ವಾರದಲ್ಲಿ ಹೊಸದು ಬರುತ್ತದೆ.

ಗಂಟಿನೊಳಗೆ ಮಾತ್ರ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿನ ನರಕೋಶ ಸತ್ತರೆ ಅದರ ಜಾಗಕ್ಕೆ ಇನ್ನೊಂದು ಹುಟ್ಟುವುದಿಲ್ಲ. ಸಾಮಾನ್ಯ ಕೋಶಗಳು ತಮ್ಮೊಳಗೆ ಏನು ನಡೆಯುತ್ತಿದೆ ಎಂಬ ಗುರುತನ್ನು ಹೊರಗೆ ತೂಗುಹಾಕುತ್ತವೆ. ಟಿ ಕೋಶ ಅದನ್ನು ನೋಡಿಯೇ ಕೊಲ್ಲುವುದು. ನರಕೋಶ ಆ ಗುರುತನ್ನು ಬಹಳ ಕಡಿಮೆ ತೋರಿಸುತ್ತದೆ. ವೈರಸ್ಸೂ ಅಷ್ಟೇ ಜಾಣ. ತನ್ನ ಡಿಎನ್‌ಎಯನ್ನು ಉಂಗುರ ಮಾಡಿಕೊಂಡು ಕೋಶದ ನಡುಮನೆಯಲ್ಲಿ ಕೂರುತ್ತದೆ, ಪ್ರೋಟೀನನ್ನು ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ. ಪೊಲೀಸರು ಬಂದರೆ ಮನೆಯವರೂ ಬಾಗಿಲು ತೆರೆಯುವುದಿಲ್ಲ, ಒಳಗಿದ್ದವನೂ ಕೆಮ್ಮುವುದಿಲ್ಲ. ಇದರ ದಾಯಾದಿ ಒಂದಿದೆ, ಜ್ವರ ಬಂದಾಗ ತುಟಿಯಲ್ಲಿ ಗುಳ್ಳೆ ಎಬ್ಬಿಸುವ ವೈರಸ್ಸು. ಅದನ್ನು ಇಲಿಗಳಲ್ಲಿ ನೋಡಿದಾಗ ಟಿ ಕೋಶಗಳು ಗಂಟಿನಲ್ಲೇ ಕಾವಲು ಕೂತಿದ್ದವು. ಕೋಶವನ್ನು ಕೊಲ್ಲದೆ, ವೈರಸ್ಸು ತಲೆ ಎತ್ತದ ಹಾಗೆ ಒತ್ತಿ ಹಿಡಿದಿದ್ದವು. ಅಂದರೆ ಗೆದ್ದದ್ದೂ ಅಲ್ಲ, ಸೋತದ್ದೂ ಅಲ್ಲ. ಮನೆ ಸುಡಬಾರದು ಎಂದು ಕಳ್ಳನನ್ನು ಒಳಗೇ ಕೂಡಿಹಾಕಿಕೊಂಡ ರಾಜಿ.

ನಿಮ್ಮ ಮಾತ್ರೆಯೂ ಆ ಮಲಗಿದ ಕಳ್ಳನನ್ನು ಮುಟ್ಟಲಾರದು. ಏಸೈಕ್ಲೋವಿರ್ ಚುರುಕಾಗಬೇಕಾದರೆ ವೈರಸ್ಸಿನದೇ ಒಂದು ಕಿಣ್ವ ಬೇಕು. ಎದ್ದು ಓಡಾಡುವ ವೈರಸ್ಸು ಆ ಕಿಣ್ವ ಮಾಡಿಕೊಂಡು ತಾನೇ ಬಲೆಗೆ ಬೀಳುತ್ತದೆ. ಮಲಗಿದ್ದು ಮಾಡುವುದಿಲ್ಲ, ಬಚಾವಾಗುತ್ತದೆ. ಈ ಗುಟ್ಟನ್ನು ಬಿಡಿಸಿದ ತಂಡದ ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು.

ಹಾಗಾದರೆ ಈಗ ಯಾಕೆ ಎದ್ದಿತು? ವಯಸ್ಸಾದಂತೆ ಈ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಕಡಿಮೆಯಾಗುತ್ತವೆ. ಆಂಟಿಬಾಡಿ ಇದ್ದೇ ಇರುತ್ತದೆ, ಆದರೆ ಈ ಕಾವಲಿಗೆ ಅದು ಸಾಲದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಕಿಡ್ನಿ ಕಸಿ ಆದವರಿಗೆ, ಎಚ್‌ಐವಿ ಇದ್ದವರಿಗೆ ಸರ್ಪಸುತ್ತು ಜಾಸ್ತಿ ಬರುವುದೂ ಇದೇ ಕಾರಣಕ್ಕೆ. ಬಾಹ್ಯಾಕಾಶಕ್ಕೆ ಹೋದ ಗಗನಯಾತ್ರಿಗಳ ಎಂಜಲಿನಲ್ಲಿ ಈ ವೈರಸ್ಸು ಕಾಣಿಸಿಕೊಂಡಿದೆ, ಮೈಮೇಲೆ ಒಂದು ಗುಳ್ಳೆಯೂ ಇಲ್ಲದೆ. ಅಲ್ಲಿನ ಒತ್ತಡಕ್ಕೆ ಕಾವಲು ಸ್ವಲ್ಪ ತೂಕಡಿಸಿರಬೇಕು.

ಇನ್ನೊಬ್ಬರನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಎಡ್ಗರ್ ಹೋಪ್-ಸಿಂಪ್ಸನ್. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ಮಾಮೂಲಿ ಡಾಕ್ಟರು. ತನ್ನ ಕ್ಲಿನಿಕ್ಕಿಗೆ ಬಂದ ಸರ್ಪಸುತ್ತಿನವರನ್ನು 16 ವರ್ಷ ಬರೆದಿಟ್ಟರು. 192 ಜನ. ವಯಸ್ಸು ಏರಿದ ಹಾಗೆ ಕಾಯಿಲೆಯೂ ಏರುತ್ತಿತ್ತು. ಬಾಲ್ಯದ ವೈರಸ್ಸೇ ಒಳಗೆ ಉಳಿದು ಎದ್ದುಬರುತ್ತದೆ ಎಂದು 1965ರಲ್ಲಿ ವಾದಿಸಿದರು. ಜೊತೆಗೆ ಇನ್ನೊಂದು ಮಾತು ಹೇಳಿದರು: ಅಮ್ಮ ಆದ ಮಕ್ಕಳ ಒಡನಾಟ ಇದ್ದವರಿಗೆ ಆಗಾಗ ಕಾವಲು ಎಚ್ಚರಗೊಳ್ಳುತ್ತಿರುತ್ತದೆ. ಮಕ್ಕಳ ಜೊತೆ ಇರುವವರಿಗೆ ಸರ್ಪಸುತ್ತು ಕಡಿಮೆ ಎಂದು ಆಮೇಲಿನ ಕೆಲವು ಅಧ್ಯಯನಗಳಲ್ಲೂ ಕಂಡಿದೆ. ಮೇಷ್ಟ್ರೇ, ನೀವು ಸ್ಕೂಲು ಬಿಟ್ಟು ಒಂದು ವರ್ಷಕ್ಕೆ ಇದು ಎದ್ದಿತಲ್ಲ! ಸುಮ್ನೆ ತಮಾಷೆಗೆ ಹೇಳಿದೆ. ಒಬ್ಬರ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಓದಿದ ತಕ್ಷಣ ನನಗೆ ಹೊಳೆದದ್ದು ಅದೇ.

ಅಜ್ಜಿಯನ್ನು ಪೂರ್ತಿ ತಳ್ಳಿಹಾಕಬೇಡಿ. ಒಂದೇ ಪಟ್ಟಿಯ ತಲೆ ಬಾಲ ಕೂಡುವುದಿಲ್ಲ. ಆದರೆ ಕಾವಲು ತೀರಾ ಕುಸಿದವರಲ್ಲಿ ವೈರಸ್ಸು ರಕ್ತಕ್ಕೆ ಇಳಿದು ಮೈಯೆಲ್ಲಾ ಹರಡಬಹುದು. ಅದು ನಿಜಕ್ಕೂ ಜೀವಕ್ಕೆ ಅಪಾಯ. ಹಿಂದಿನವರು ಅಂಥವರು ಸಾಯುವುದನ್ನು ನೋಡಿಯೇ ಈ ಮಾತು ಕಟ್ಟಿರಬೇಕು.

ಉಳಿದ ಉರಿ ಚರ್ಮದ್ದಲ್ಲ, ನರದ್ದು. ಗಾಯಗೊಂಡ ನರ ಕಾರಣವಿಲ್ಲದೆ ಕೂಗುತ್ತದೆ. ಬೆನ್ನುಹುರಿ ಅದರ ವಾಲ್ಯೂಮ್ ಏರಿಸಿಕೊಂಡಿರುತ್ತದೆ. ಅದಕ್ಕೇ ಬಟ್ಟೆ ತಾಕಿದ್ದೂ ಬೆಂಕಿ ಎನಿಸುವುದು. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಥರದ ನರದ ಔಷಧಿ ಬೇರೆ ಇವೆ. ಡಾಕ್ಟರನ್ನೇ ಕೇಳಿ, ಮೆಡಿಕಲ್ ಶಾಪಿನವನನ್ನಲ್ಲ. ಕೊಡೆಯವರೇ, ಈ ಮಾತು ನಿಮಗೂ ಸೇರಿ. ಎರಡು ವರ್ಷ ಆಯಿತು ಎಂದು ಕೈಬಿಡಬೇಡಿ.

---

ತೋಟದಮನೆ ಮೇಷ್ಟ್ರು:

ಅಕ್ಕ, ಎರಡು ಸಲ ಓದಿದೆ. ಸ್ಕೂಲಿನ ಮಾತು ಓದಿ ಹೆಂಡತಿ, "ನಾಳೆಯಿಂದ ಅಂಗನವಾಡಿ ಮುಂದೆ ಕೂತ್ಕೊಳ್ಳಿ" ಎನ್ನುತ್ತಿದ್ದಾಳೆ. ಒಂದು ಗಾಬರಿ ಇದೆ. ಮಗಳಿಗೆ ಈಗ ಏಳು ತಿಂಗಳು, ಮುಂದಿನ ವಾರ ಬಾಣಂತನಕ್ಕೆ ಮನೆಗೆ ಬರುತ್ತಾಳೆ. ನನ್ನಿಂದ ಅವಳಿಗೆ ಅಂಟುತ್ತದೆಯಾ? ಮತ್ತೆ, ಇದಕ್ಕೆ ಲಸಿಕೆ ಇದೆಯಂತೆ, ಹೌದಾ?

---

ವಾರ್ಡ್ ನಂಬರ್ ಆರು:

ನಾನು ನರ್ಸ್, ಚಿಕ್ಕದಾಗಿ ಹೇಳುತ್ತೇನೆ. ಸರ್ಪಸುತ್ತಿನಿಂದ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಕಿದರೆ, ಅಮ್ಮ ಆಗದೇ ಇದ್ದವರಿಗೆ ಅಮ್ಮ ಬರಬಹುದು. ಗುಳ್ಳೆ ಎಲ್ಲಾ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಆ ಭಯವಿಲ್ಲ. ನಿಮಗೆ ಹಕ್ಕಳೆಯೂ ಉದುರಿದೆ ಅಂದಿದ್ದೀರಿ. ಆದರೂ ಮಗಳಿಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಾ, ಅದರ ಲಸಿಕೆ ಹಾಕಿಸಿದ್ದಿರಾ ಎಂದು ನೆನಪು ಮಾಡಿಕೊಂಡು ಅವಳ ಡಾಕ್ಟರಿಗೆ ಒಂದು ಮಾತು ತಿಳಿಸಿ. ಇದನ್ನು ಓದುತ್ತಿರುವ ಬೇರೆಯವರಿಗೆ: ಹಣೆ, ಕಣ್ಣಿನ ಸುತ್ತ, ಮೂಗಿನ ತುದಿ, ಕಿವಿ, ಇಲ್ಲಿ ಗುಳ್ಳೆ ಎದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದೆ. ಮೂಗಿನ ಮೇಲೆ ಒಂದೇ ಒಂದು ಗುಳ್ಳೆ ಇದ್ದರೂ ಕಣ್ಣು ಹೋಗುವ ಅಪಾಯವಿದೆ.

---

ಲ್ಯಾಬ್ ಅಕ್ಕ:

ಆರನೇ ವಾರ್ಡಿನವರು ಹೇಳಿದ್ದು ಅಕ್ಷರಶಃ ನಿಜ. ನನ್ನ ತಾಯಿಗೆ ಮೂಗಿನ ಮೇಲೆ ಎದ್ದಿದ್ದನ್ನು ನಾನೇ ಮೊಡವೆ ಎಂದುಬಿಟ್ಟಿದ್ದೆ, ಅಷ್ಟು ವರ್ಷ ಲ್ಯಾಬಿನಲ್ಲಿದ್ದೂ. ಮಾರನೇ ದಿನ ಕಣ್ಣು ಕೆಂಪಾದಾಗ ಓಡಿದೆವು. ಪುಣ್ಯಕ್ಕೆ ದೃಷ್ಟಿ ಉಳಿಯಿತು.

ಲಸಿಕೆ ಇದೆ. ಶಿಂಗ್ರಿಕ್ಸ್ ಅಂತ. ಅಮೆರಿಕದಲ್ಲಿ 2017ರಲ್ಲಿ ಬಂತು, ನಮ್ಮಲ್ಲಿ 2023ರಲ್ಲಿ. 50 ದಾಟಿದವರಿಗೆ ಎರಡು ಡೋಸು, ನಡುವೆ 2ರಿಂದ 6 ತಿಂಗಳ ಅಂತರ. ಒಮ್ಮೆ ಸರ್ಪಸುತ್ತು ಆದವರೂ ಪೂರ್ತಿ ವಾಸಿಯಾದ ಮೇಲೆ ಹಾಕಿಸಿಕೊಳ್ಳಬಹುದು. ದುಬಾರಿ, ಮೊದಲೇ ಹೇಳಿಬಿಡುತ್ತೇನೆ. ಹಾಕಿಸಿಕೊಂಡ ದಿನ ಕೈ ನೋವು, ಮೈ ನೋವು, ಜ್ವರ ಚೆನ್ನಾಗಿಯೇ ಬರಬಹುದು. ಅದರೊಳಗೆ ಜೀವಂತ ವೈರಸ್ಸಿಲ್ಲ, ವೈರಸ್ಸಿನ ಒಂದು ಪ್ರೋಟೀನ್ ಮಾತ್ರ. ಅಷ್ಟಕ್ಕೇ ವಯಸ್ಸಾದ ಟಿ ಕೋಶ ಏಳುವುದಿಲ್ಲ ಎಂದು ಎಬ್ಬಿಸುವ ಮದ್ದು ಸೇರಿಸಿದ್ದಾರೆ. ಅದರಲ್ಲಿ ಒಂದು ಬರುವುದು ಚಿಲಿ ದೇಶದ ಒಂದು ಮರದ ತೊಗಟೆಯಿಂದ. ಆ ತೊಗಟೆ ನೀರಿನಲ್ಲಿ ಉಜ್ಜಿದರೆ ನಮ್ಮ ಅಂಟುವಾಳದ ಹಾಗೆ ನೊರೆ ಬರುತ್ತದೆ. ನೊರೆ ಬರಿಸುವ ವಸ್ತುವಿನ ಜಾತಿಯೂ ಒಂದೇ.

---

ತೋಟದಮನೆ ಮೇಷ್ಟ್ರು:

ಮಗಳಿಗೆ ಫೋನ್ ಮಾಡಿದೆ. ಅವಳಿಗೆ ಎರಡನೇ ಕ್ಲಾಸಿನಲ್ಲೇ ಆಗಿತ್ತಂತೆ, ನನ್ನ ಸ್ಕೂಲಿನಿಂದಲೇ ತಂದದ್ದಂತೆ. ನನಗೇ ಮರೆತುಹೋಗಿತ್ತು. ಉರಿಗೆ ನಾಳೆ ಮತ್ತೆ ಡಾಕ್ಟರ ಹತ್ತಿರ ಹೋಗುತ್ತೇನೆ.

ಹೆಂಡತಿಗೆ ಇದು ಹೇಗೆ ಗೊತ್ತಾಯಿತು ಎಂದು ಇವತ್ತು ಕೇಳಿದೆ. ಅವಳ ಅಪ್ಪನಿಗೆ ಆಗಿತ್ತಂತೆ, ಎಡಗಡೆ. ಹಾವು ಬರೆಯುವವರು ಬಂದಾಗ ಕೆಮ್ಮಣ್ಣಿನ ಬಟ್ಟಲು ಹಿಡಿದು ನಿಂತವಳು ಇವಳೇ. ಅಂಗಿ ಇನ್ನೂ ಹಾಕಲಾಗುತ್ತಿಲ್ಲ. ಅವಳ ಹಳೇ ಕಾಟನ್ ಸೀರೆಯೊಂದನ್ನು ಹೊದ್ದುಕೊಂಡು ಇದನ್ನು ಟೈಪ್ ಮಾಡುತ್ತಿದ್ದೇನೆ.