‘ದುಂಡಾಣು ಹಚ್ಚಿ ಬಿತ್ತಿ’ ಎಂದು ಬರೆಯಬಹುದೇ?

ಗೆಳೆಯರೇ,

ಬೆಳೆಯ ಶಿಲೀಂಧ್ರ ರೋಗಗಳನ್ನು ಬ್ಯಾಕ್ಟೀರಿಯಾ ಬಳಸಿ ಹತೋಟಿಗೆ ತರುವ ಬಗ್ಗೆ ರೈತರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈ ಬ್ಯಾಕ್ಟೀರಿಯಾಕ್ಕೆ ಯಾವ ಹೆಸರು ಇಡಬೇಕು ಅನ್ನುವಲ್ಲೇ ಸಿಕ್ಕಿಕೊಂಡಿದ್ದೇನೆ.

ಕೃಷಿ ಬರಹಗಳಲ್ಲಿ ‘ದುಂಡಾಣು’ ರೂಢಿಯಲ್ಲಿದೆ. ಆದರೆ ಅದು ಕಾಣಿಸೋದು ಎಲ್ಲಿ? ದುಂಡಾಣು ಅಂಗಮಾರಿ, ದುಂಡಾಣು ಎಲೆಚುಕ್ಕೆ, ದುಂಡಾಣು ಸೊರಗು ರೋಗ. ಎಲ್ಲವೂ ರೋಗದ ಹೆಸರೇ. ಹೀಗಿರುವಾಗ ‘ಬೀಜಕ್ಕೆ ದುಂಡಾಣು ಹಚ್ಚಿ ಬಿತ್ತಿ’ ಎಂದರೆ ರೋಗವನ್ನೇ ಕೈಯಾರೆ ಬಿತ್ತಲು ಹೇಳಿದ ಹಾಗಾಗುತ್ತದೆ ಅಲ್ವಾ? ಇನ್ನೊಂದು ತಮಾಷೆ ನೋಡಿ. ಈ ಕೆಲಸಕ್ಕೆ ಜಾಸ್ತಿ ಬಳಕೆಯಲ್ಲಿರುವ ಸೂಡೋಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಎರಡೂ ದುಂಡಗಿಲ್ಲ, ಕಡ್ಡಿಯ ಹಾಗಿವೆ. ಬ್ಯಾಸಿಲಸ್ ಎಂದರೆ ಲ್ಯಾಟಿನ್‌ನಲ್ಲಿ ಸಣ್ಣ ಕಡ್ಡಿ ಅಂತಲೇ ಅರ್ಥ. ಇದನ್ನು ನಾನು ತಕರಾರು ಮಾಡುವುದಿಲ್ಲ. ಪದ ರೂಢಿಗೆ ಬಂದ ಮೇಲೆ ಆಕಾರ ಯಾರು ನೋಡುತ್ತಾರೆ!

‘ಜೀವಾಣು’ ಕಿವಿಗೆ ಹಿತ. ಜೀವಾಣು ಗೊಬ್ಬರ ಎಂಬ ಮಾತು ರೈತರಿಗೆ ಹೊಸದಲ್ಲ. ಆದರೆ ಇದೇ ರೀತಿ ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ ಕೂಡ ಇದರೊಳಗೆ ಸೇರಿಬಿಡುತ್ತದೆ. ಅದು ಬ್ಯಾಕ್ಟೀರಿಯಾ ಅಲ್ಲ, ತಾನೇ ಒಂದು ಶಿಲೀಂಧ್ರ. ಈ ವ್ಯತ್ಯಾಸ ಸುಮ್ನೆ ಪಾಂಡಿತ್ಯಕ್ಕಲ್ಲ. ಸ್ಟ್ರೆಪ್ಟೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದರೆ ಪೆಟ್ಟು ಬೀಳುವುದು ಬ್ಯಾಕ್ಟೀರಿಯಾಕ್ಕೆ, ಕಾರ್ಬೆಂಡಜಿಂ ಎಂಬ ರಾಸಾಯನಿಕ ಶಿಲೀಂಧ್ರನಾಶಕ ಬೆರೆಸಿದರೆ ಟ್ರೈಕೋಡರ್ಮಾಕ್ಕೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಯಾವುದಕ್ಕೆ ಯಾವುದು ಸೇರಬಾರದು ಎಂದು ಹೇಳುವುದು ಹೇಗೆ?

‘ಉಪಕಾರಿ ಬ್ಯಾಕ್ಟೀರಿಯಾ’ ಪರವಾಗಿಲ್ಲ. ಆದರೆ ಗಿಡಕ್ಕೆ ಸಾರಜನಕ ಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾ ಕೂಡ ಉಪಕಾರಿಯೇ, ರೋಗ ತಡೆಯುವುದು ಯಾವುದು ಎಂದು ಈ ಹೆಸರಿನಿಂದ ಗೊತ್ತಾಗುವುದಿಲ್ಲ.

ಇನ್ನು ‘ಜೈವಿಕ ಶಿಲೀಂಧ್ರನಾಶಕ’. ನನಗೆ ಆ ‘ನಾಶಕ’ ಒಗ್ಗುತ್ತಿಲ್ಲ. ನಾಶಕ ಎಂದ ಕೂಡಲೇ ರೋಗ ಕಂಡ ಮೇಲೆ ಹೊಡೆಯುವ ಔಷಧಿ ನೆನಪಾಗುತ್ತದೆ. ಇವು ಹಾಗಲ್ಲ. ಬೇರಿನ ಸುತ್ತ ಮೊದಲೇ ಬೀಡುಬಿಟ್ಟು ಶಿಲೀಂಧ್ರಕ್ಕೆ ಜಾಗ, ಆಹಾರ ಎರಡೂ ಸಿಗದಂತೆ ಮಾಡುತ್ತವೆ. ಸೂಡೋಮೊನಾಸ್ ಅಂತೂ ಸಿಡೆರೋಫೋರ್ ಎಂಬ ವಸ್ತು ಬಿಟ್ಟು ಮಣ್ಣಿನ ಕಬ್ಬಿಣವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕಬ್ಬಿಣ ಸಿಗದ ಶಿಲೀಂಧ್ರ ಬೆಳೆಯಲಾರದೆ ಸೊರಗುತ್ತದೆ. (ಅತಿನೇರಳೆ ಬೆಳಕಿನಲ್ಲಿ ಈ ಬ್ಯಾಕ್ಟೀರಿಯಾ ಹೊಳೆಯುವುದೂ ಇದೇ ವಸ್ತುವಿನಿಂದ, ಅದರ ಹೆಸರಿನ ‘ಫ್ಲೋರೆಸೆನ್ಸ್’ ಆ ಹೊಳಪಿನದ್ದು.) ಬ್ಯಾಸಿಲಸ್ ಮಾತ್ರ ಇಟುರಿನ್‌ನಂಥ ವಸ್ತು ಸ್ರವಿಸಿ ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ತೂತು ಮಾಡುತ್ತದೆ. ಹಾಗಾಗಿ ‘ನಾಶಕ’ ಪೂರ್ತಿ ಸುಳ್ಳೂ ಅಲ್ಲ. ಜೊತೆಗೆ ಇವೆರಡೂ ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುತ್ತವೆ. ಒಟ್ಟಿನಲ್ಲಿ ಹೊಡೆಯೋದಕ್ಕಿಂತ ಕಾಯೋದೇ ಜಾಸ್ತಿ. ಬಿತ್ತುವ ಮೊದಲೇ ಬೀಜೋಪಚಾರ ಮಾಡಿ ಎನ್ನುವುದು ಅದಕ್ಕೇ.

ಸದ್ಯಕ್ಕೆ ‘ಬೆಳೆ ಕಾಯುವ ಬ್ಯಾಕ್ಟೀರಿಯಾ’ ಎಂದು ಬರೆದುಕೊಂಡಿದ್ದೇನೆ. ಸ್ವಲ್ಪ ಉದ್ದವಾಯಿತು, ತಲೆಬರಹಕ್ಕೆ ಕೂರುವುದಿಲ್ಲ. ‘ಕಾಪುದುಂಡಾಣು’ ಎಂದರೆ ತೀರಾ ಕಟ್ಟಿದ ಪದದಂತೆ ಕಾಣುತ್ತದೆಯೇ? ಕೃಷಿಕರ ಜೊತೆ ಒಡನಾಟ ಇರುವವರು ದಯವಿಟ್ಟು ತಿಳಿಸಿ: ಅವರ ಬಾಯಲ್ಲಿ ಇದಕ್ಕೆ ಬೇರೆ ಹೆಸರಿದೆಯೇ, ಅಥವಾ ‘ಸೂಡೋಮೊನಾಸ್ ಪುಡಿ’ ಎಂದೇ ನಡೆಯುತ್ತಿದೆಯೇ?